ಕಡಲೂರಿನಲ್ಲಿ ಭಾನುವಾರದ ರೋಸ್ಟ್: ವಿಟ್‌ಸ್ಟಬಲ್‌ನಲ್ಲಿ ಎಲ್ಲಿ ಕೂರಬೇಕು, ಎಷ್ಟು ಹೊತ್ತಿಗೆ ಕೂರಬೇಕು

ಇಂಗ್ಲೆಂಡಿನ ಕಡಲೂರಿಗೆ ಭಾನುವಾರ ಹೊರಡುವವರು ಮೊದಲು ಹವಾಮಾನ ನೋಡುತ್ತಾರೆ, ಆಮೇಲೆ ರೈಲಿನ ವೇಳೆ ನೋಡುತ್ತಾರೆ. ಊಟದ ಯೋಚನೆ ಬರುವುದು ಹಸಿವಾದ ಮೇಲೆ. ಮಧ್ಯಾಹ್ನ ಎರಡೂವರೆಗೆ ಬೀದಿ ಬೀದಿ ಅಲೆದು, ಪ್ರತಿ ಪಬ್ಬಿನ ಬಾಗಿಲಲ್ಲೂ ಮೇಜು ಖಾಲಿಯಿಲ್ಲ ಎನ್ನಿಸಿಕೊಂಡು, ಕೊನೆಗೆ ಎಲ್ಲೋ ಒಂದು ಮೂಲೆಯಲ್ಲಿ ಒಣಗಿದ ಮಾಂಸದ ಹೋಳುಗಳಿಗೆ ಇಪ್ಪತ್ತು ಪೌಂಡ್ ಸುರಿದು ಬರುತ್ತಾರೆ. ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ವಾರದ ಉಳಿದ ದಿನಗಳಲ್ಲಿ ಪಬ್ಬಿನ ಅಡುಗೆಮನೆ ಗಿರಾಕಿ ಕೇಳಿದ ಮೇಲೆ ಒಲೆ ಮೇಲೆ ಬಾಣಲೆ ಇಡುತ್ತದೆ. ಭಾನುವಾರ ಹಾಗಲ್ಲ. ಅಂದಿನ ಊಟ ರೋಸ್ಟ್, ಅಂದರೆ ಓವನ್ನಿನಲ್ಲಿ ಬೇಯಿಸಿದ ಮಾಂಸದ ದೊಡ್ಡ ತುಂಡನ್ನು ಹೋಳು ಮಾಡಿ ತರಕಾರಿಯ ಜೊತೆ ಬಡಿಸುವುದು. ಎಷ್ಟು ಜನ ಬರಬಹುದು ಎಂದು ಬೆಳಿಗ್ಗೆಯೇ ಲೆಕ್ಕ ಹಾಕಿ ದೊಡ್ಡ ದೊಡ್ಡ ತುಂಡುಗಳನ್ನು ಓವನ್ನಿಗೆ ಇಟ್ಟುಬಿಡುತ್ತಾರೆ. ಆ ತುಂಡುಗಳು ತೀರಿದರೆ ಆ ವಾರದ ರೋಸ್ಟ್ ತೀರಿತು.

ಆದ್ದರಿಂದ ಎಲ್ಲಿ ಉಣ್ಣಬೇಕು ಎಂಬ ಪ್ರಶ್ನೆಯ ಬೆನ್ನಿಗೇ ಎಷ್ಟು ಹೊತ್ತಿಗೆ ಎಂಬುದೂ ಇರಬೇಕು. ಕಡಲೂರಿನಲ್ಲಿ ಎಲ್ಲರೂ ಬಯಸುವುದು ಕಿಟಕಿಯಾಚೆ ನೀರು ಕಾಣುವ ಮೇಜನ್ನು. ನನಗೆ ಮುಖ್ಯವೆನಿಸುವುದು ಮಾಂಸ ಓವನ್ನಿನಿಂದ ಇಳಿದು ಎಷ್ಟು ಹೊತ್ತಾಯಿತು ಎಂಬುದು. ಎರಡೂ ಒಟ್ಟಿಗೆ ದಕ್ಕಿದರೆ ನಿಮ್ಮ ಪುಣ್ಯ. ಒಂದನ್ನು ಬಿಡಲೇಬೇಕಾದರೆ ಕಿಟಕಿಯನ್ನು ಬಿಡಿ.

ಇಲ್ಲಿ ವಿಟ್‌ಸ್ಟಬಲ್ ಊರನ್ನು ಆರಿಸಿಕೊಂಡಿದ್ದೇನೆ. ಕೆಂಟ್ ಕೌಂಟಿಯ ಉತ್ತರ ಕರಾವಳಿಯ ಸಣ್ಣ ಬಂದರು ಇದು, ಆಯ್ಸ್ಟರ್ ಎಂಬ ಚಿಪ್ಪಿನ ಜೀವಿಗೆ ಹೆಸರುವಾಸಿ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಅಥವಾ ವಿಕ್ಟೋರಿಯಾ ನಿಲ್ದಾಣದಿಂದ ಹತ್ತಿರ ಹತ್ತಿರ ಒಂದೂವರೆ ಗಂಟೆಯೊಳಗಿನ ದಾರಿ. ಲಂಡನ್ ಸುತ್ತಮುತ್ತಲಿನ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಸಂಜೆಯೊಳಗೆ ಮರಳಿ ಬರಬಹುದಾದ ಊರು. ಹಾಗೆ ಕರೆದುಕೊಂಡು ಹೋಗುವವರಿಗೆ ಊಟದ ವಿಷಯದಲ್ಲಿ ಬೇರೆಯದೇ ತಾಪತ್ರಯಗಳಿರುತ್ತವೆ. ಅವುಗಳಿಗೂ ಬರುತ್ತೇನೆ.

ಪಬ್ಬಿಗೆ ಅಡುಗೆಮನೆ ಬಂದ ಕಥೆ

ಕುಡಿತದಷ್ಟೇ ಊಟಕ್ಕೂ ಹೆಸರಾದ ಪಬ್ಬಿಗೆ ಗ್ಯಾಸ್ಟ್ರೋಪಬ್ ಎನ್ನುತ್ತಾರೆ. ಈ ಮಾತು ಹುಟ್ಟಿ ಹೆಚ್ಚು ಕಾಲವಾಗಿಲ್ಲ. 1991ರಲ್ಲಿ ಲಂಡನ್ನಿನ ಫ್ಯಾರಿಂಗ್ಡನ್ ರಸ್ತೆಯ ‘ದಿ ಈಗಲ್’ ಪಬ್ಬನ್ನು ಮೈಕೇಲ್ ಬೆಲ್ಬೆನ್ ಮತ್ತು ಡೇವಿಡ್ ಐರ್ ವಹಿಸಿಕೊಂಡು, ಬಿಯರ್ ಪೀಪಾಯಿಗಳ ಪಕ್ಕದಲ್ಲೇ ನಿಜವಾದ ಅಡುಗೆ ಶುರುಮಾಡಿದರು. ಈ ಬಗೆಯ ಪಬ್ಬುಗಳಲ್ಲಿ ಅದೇ ಮೊದಲನೆಯದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕೆ ಎರಡು ವರ್ಷ ಮೊದಲು, 1989ರಲ್ಲಿ, ಎರಡು ಸಾವಿರಕ್ಕಿಂತ ಹೆಚ್ಚು ಪಬ್ಬುಗಳನ್ನು ಹಿಡಿದಿಟ್ಟುಕೊಂಡಿದ್ದ ದೊಡ್ಡ ಬಿಯರ್ ಕಂಪನಿಗಳ ಮೇಲೆ ಸರ್ಕಾರ ಕಡಿವಾಣ ಹಾಕಿತ್ತು. ಕಂಪನಿಗಳು ಪಬ್ಬುಗಳನ್ನು ಕೈಬಿಡಲು ಶುರುಮಾಡಿದಾಗ, ರೆಸ್ಟೋರೆಂಟ್ ತೆರೆಯುವಷ್ಟು ಬಂಡವಾಳವಿಲ್ಲದ ಅಡುಗೆಯವರಿಗೂ ಜಾಗ ಸಿಕ್ಕಿತು.

ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ್ದು 1995ರ ಬದಲಾವಣೆ. ಅಲ್ಲಿಯವರೆಗೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಪಬ್ಬುಗಳು ಮದ್ಯ ಮಾರಾಟ ನಿಲ್ಲಿಸಬೇಕಿತ್ತು, ಮತ್ತೆ ಶುರುವಾಗುತ್ತಿದ್ದುದು ಸಂಜೆ ಏಳಕ್ಕೆ. ಊಟಕ್ಕೆ ಬಂದವರು ಹನ್ನೆರಡರಿಂದ ಮೂರರೊಳಗೆ ಉಂಡು ಏಳಬೇಕು, ಅಡುಗೆಯವನೂ ಅದೇ ಮೂರು ಗಂಟೆಗೆ ಲೆಕ್ಕ ಹಾಕಿ ಮಾಂಸ ಇಳಿಸಬೇಕು. ಕಾನೂನು ಸಡಿಲವಾದ ಮೇಲೆ ಗಿರಾಕಿಗೆ ಬಿಡುವು ಸಿಕ್ಕಿತು. ಮಾಂಸಕ್ಕೆ ಸಿಕ್ಕಿದ್ದು ಶಿಕ್ಷೆ! ಈಗ ಎಷ್ಟೋ ಕಡೆ ಸಂಜೆ ಐದು, ಆರರವರೆಗೂ ರೋಸ್ಟ್ ಮಾರುತ್ತಾರೆ. ಹನ್ನೊಂದೂವರೆಗೆ ಬೆಂದ ತುಂಡು ನಾಲ್ಕೂವರೆಗೆ ನಿಮ್ಮ ತಟ್ಟೆಗೆ ಬಂದರೆ ಅಡುಗೆಯವನನ್ನು ಬೈದು ಪ್ರಯೋಜನವಿಲ್ಲ.

ಗಡಿಯಾರದ ಲೆಕ್ಕ

ಒಂದು ರೋಸ್ಟ್ ತಟ್ಟೆಯನ್ನು ಹತ್ತಿರದಿಂದ ನೋಡಿ. ಮಾಂಸದ ಎರಡು ಮೂರು ಹೋಳು, ಪಕ್ಕದಲ್ಲಿ ಕೊಬ್ಬಿನಲ್ಲಿ ಹುರಿದ ಆಲೂಗಡ್ಡೆ, ಕ್ಯಾರೆಟ್, ಬಿಳಿ ಕ್ಯಾರೆಟ್ಟಿನಂತಿದ್ದು ತುಸು ಸಿಹಿಯಿರುವ ಪಾರ್ಸ್ನಿಪ್, ಬೆಣ್ಣೆ ಹಾಕಿದ ಎಲೆಕೋಸು. ಎಲ್ಲದರ ಮೇಲೆ ಬಟ್ಟಲಿನಂತೆ ಬಾಯ್ದೆರೆದ ಯಾರ್ಕ್‌ಷೈರ್ ಪುಡ್ಡಿಂಗ್. ಹೆಸರು ಪುಡ್ಡಿಂಗ್ ಆದರೂ ಸಿಹಿಯಲ್ಲ. ಮೈದಾ, ಮೊಟ್ಟೆ, ಹಾಲು ಕಲಸಿದ ತೆಳು ಹಿಟ್ಟನ್ನು ಹೊಗೆಯಾಡುವ ಕೊಬ್ಬಿಗೆ ಸುರಿದು ಬಿರುಬಿಸಿ ಓವನ್ನಿನಲ್ಲಿ ಉಬ್ಬಿಸಿದ್ದು. ಈ ಹೆಸರಿನಲ್ಲಿ ಇದು ಅಡುಗೆ ಪುಸ್ತಕಕ್ಕೆ ಬಂದದ್ದು 1747ರಲ್ಲಿ. ಮಾಂಸ ದುಬಾರಿಯಾಗಿದ್ದ ಕಾಲದಲ್ಲಿ ಇದನ್ನು ಗ್ರೇವಿಯ (ಮಾಂಸದ ರಸದಿಂದ ಮಾಡಿದ ಸಾರು) ಜೊತೆ ಮೊದಲೇ ಬಡಿಸಿ, ಹೊಟ್ಟೆ ಅರ್ಧ ತುಂಬಿಸಿ, ಆಮೇಲೆ ಮಾಂಸ ಕೊಡುತ್ತಿದ್ದರಂತೆ. ಜಾಣತನ ಯಾವ ದೇಶದ ಮನೆಯೊಡತಿಗೂ ಕಡಿಮೆಯಿಲ್ಲ.

ಈ ತಟ್ಟೆಯಲ್ಲಿ ಒಂದೊಂದು ಪದಾರ್ಥವೂ ಒಂದೊಂದು ಬಗೆಯಲ್ಲಿ ಹೊತ್ತಿಗೆ ಸೋಲುತ್ತದೆ. ಪುಡ್ಡಿಂಗ್ ಉಬ್ಬಿದ ಪೂರಿಯ ಜಾತಿಯದು. ಓವನ್ನಿನ ಬಾಗಿಲು ತೆಗೆದಾಗ ಇರುವ ಗತ್ತು ಹತ್ತು ನಿಮಿಷದಲ್ಲಿ ಇಳಿಯುತ್ತದೆ, ತಿನಿಸು ಆರದಂತೆ ಇಡುವ ಬಿಸಿ ದೀಪದ ಕೆಳಗೆ ಇಟ್ಟರೆ ಚರ್ಮದಂತಾಗುತ್ತದೆ. ಆಲೂಗಡ್ಡೆಯನ್ನು ಮೊದಲು ಅರೆಬೇಯಿಸಿ, ಪಾತ್ರೆಯಲ್ಲಿ ಕುಲುಕಿ ಅಂಚು ಒರಟು ಮಾಡಿ, ಆಮೇಲೆ ಕಾದ ಕೊಬ್ಬಿಗೆ ಹಾಕುತ್ತಾರೆ. ಆ ಒರಟು ಅಂಚೇ ಗರಿಯಾಗುವುದು. ಅರ್ಧ ಗಂಟೆ ಮುಚ್ಚಿಟ್ಟರೆ ಒಳಗಿನ ಆವಿಗೆ ಗರಿ ಮೆತ್ತಗಾಗುತ್ತದೆ. ಹಂದಿಮಾಂಸದ ಮೇಲಿನ ಕರುಕುಲು ಚರ್ಮಕ್ಕೆ ಕ್ರ್ಯಾಕ್ಲಿಂಗ್ ಎನ್ನುತ್ತಾರೆ. ಅದಕ್ಕೂ ಆವಿಯೇ ಶತ್ರು. ಮಾಂಸ ಮಾತ್ರ ತುಸು ಭಿನ್ನ. ಓವನ್ನಿನಿಂದ ಇಳಿಸಿದ ಮೇಲೆ ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ರಸ ಒಳಗೆ ನಿಂತು ಇನ್ನೂ ಚೆನ್ನಾಗುತ್ತದೆ. ಆದರೆ ಹೋಳು ಮಾಡಿ ಬಿಸಿ ಪೆಟ್ಟಿಗೆಯಲ್ಲಿ ಇಟ್ಟರೆ ಬೂದು ಬಣ್ಣಕ್ಕೆ ತಿರುಗುತ್ತದೆ, ಅಂಚು ಮುದುರುತ್ತದೆ. ಅದನ್ನು ಮುಚ್ಚಲು ಮೇಲೆ ಗ್ರೇವಿ ಸುರಿದು ಕೊಡುತ್ತಾರೆ. ಗ್ರೇವಿಯನ್ನು ಬೇರೆ ಜಗ್ಗಿನಲ್ಲಿ ತಂದಿಡುವ ಪಬ್ಬಿನ ಮೇಲೆ ನನಗೆ ನಂಬಿಕೆ ಹೆಚ್ಚು, ಏಕೆಂದರೆ ಅವರಿಗೆ ಮುಚ್ಚಿಡಲು ಏನೂ ಇರುವುದಿಲ್ಲ.

ಹನ್ನೆರಡರ ಮೇಜು, ಎರಡರ ಮೇಜು, ನಾಲ್ಕರ ಮೇಜು — ಇವು ಮೂರು ಬೇರೆ ಬೇರೆ ಊಟಗಳು ಎಂದೇ ತಿಳಿಯಿರಿ. ಮೊದಲ ಪಂಕ್ತಿಯಲ್ಲಿ ಮಾಂಸ ಹೊಸದು, ಆಯ್ಕೆ ಪೂರ್ತಿ ಇರುತ್ತದೆ, ಬಡಿಸುವವರ ಮುಖದಲ್ಲಿ ಇನ್ನೂ ನಗು ಇರುತ್ತದೆ. ಆದರೆ ಬೆಳಿಗ್ಗೆ ಹತ್ತಕ್ಕೆ ಇಡ್ಲಿ ತಿಂದು ಹೊರಟವರಿಗೆ ಹನ್ನೆರಡಕ್ಕೆ ಹಸಿವಾಗದು. ಎರಡರ ಹೊತ್ತಿಗೆ ಪಬ್ಬು ಗಿಜಿಗುಡುತ್ತಿರುತ್ತದೆ, ಗದ್ದಲವೇ ಇಷ್ಟವಿದ್ದವರಿಗೆ ಅದೇ ಸೊಗಸು. ಒಳ್ಳೆಯ ಅಡುಗೆಮನೆ ಎರಡನೆಯ ಸರದಿಗೆಂದೇ ಬೇರೆ ತುಂಡು, ಬೇರೆ ಹಿಟ್ಟು ಇಟ್ಟಿರುತ್ತದೆ. ನಾಲ್ಕರ ಮೇಜು ಸುಲಭವಾಗಿ ಸಿಗುತ್ತದೆ. ಅದು ಏಕೆ ಸುಲಭವಾಗಿ ಸಿಗುತ್ತದೆ ಎಂದು ಒಂದು ಕ್ಷಣ ಯೋಚಿಸಿ ಕಾಯ್ದಿರಿಸಿ. ನನ್ನನ್ನು ಕೇಳಿದರೆ ಹನ್ನೆರಡೂವರೆ. ಬೆಳಗಿನ ತಿಂಡಿಯನ್ನು ಒಂದು ಕಪ್ ಕಾಫಿಗೆ ಇಳಿಸಿ ಹೊರಡಿ.

ಊರಿನಲ್ಲಿರುವ ಆಯ್ಕೆಗಳು

ವಿಟ್‌ಸ್ಟಬಲ್‌ನ ಚಿತ್ರ ಹುಡುಕಿದರೆ ಮೊದಲು ಕಾಣುವುದು ‘ಓಲ್ಡ್ ನೆಪ್ಚೂನ್’. ಬಿಳಿ ಹಲಗೆಯ ಹೊದಿಕೆಯ ಪುಟ್ಟ ಕಟ್ಟಡ, ಉರುಟು ಕಲ್ಲಿನ ತೀರದ ಮೇಲೆಯೇ ನಿಂತಿದೆ. 1897ರ ಬಿರುಗಾಳಿಗೆ ಹಳೆಯದು ನೆಲಸಮವಾಗಿ, ಮತ್ತೆ ಕಟ್ಟಿದ್ದು ಈಗಿರುವುದು. ಒಳಗೆ ನೆಲ ವಾಲಿದೆ. ಬಿಯರ್ ಕುಡಿಯದವರಿಗೂ ಹೆಜ್ಜೆ ತಪ್ಪಬಹುದು. ಹೊರಗಿನ ಬೆಂಚಿನಲ್ಲಿ ಕೂತರೆ ಕಡಲಿಗೂ ನಿಮಗೂ ನಡುವೆ ಏನೂ ಇಲ್ಲ. ಬಿಸಿಲಿನ ದಿನ ಇದಕ್ಕಿಂತ ಒಳ್ಳೆಯ ಜಾಗ ಆ ಊರಿನಲ್ಲಿ ಇನ್ನೊಂದಿಲ್ಲ. ಆದರೆ ಅದು ಜಾಗಕ್ಕೆ ಹೇಳಿದ ಮಾತು, ರೋಸ್ಟ್‌ಗೆ ಅಲ್ಲ. ಯಾವ ಕಡಲೂರಿನಲ್ಲೇ ಆಗಲಿ, ತೀರದ ಮೇಲೆಯೇ ಇರುವ ಪಬ್ಬು ಮೊದಲು ಗ್ಲಾಸಿಗೆ, ಆಮೇಲೆ ತಟ್ಟೆಗೆ. ಬಯಲಿನಲ್ಲಿ ರೋಸ್ಟ್ ತಿನ್ನುವುದಂತೂ ಬೇಡ. ಕಡಲ ಗಾಳಿಗೆ ಗ್ರೇವಿಯ ಮೇಲೆ ಎರಡು ನಿಮಿಷದಲ್ಲಿ ಕೆನೆ ಕಟ್ಟುತ್ತದೆ, ಮೇಲಿಂದ ಕಡಲ ಹಕ್ಕಿಗಳ ಕಾಟ. ನೀವು ಉಪ್ಪಿನ ಡಬ್ಬಕ್ಕೆ ಕೈಚಾಚುವಷ್ಟರಲ್ಲಿ ಆಲೂಗಡ್ಡೆ ಹಾರಿಹೋಗಿರುತ್ತದೆ.

ಕಡಲು ಕಾಣಬೇಕೆಂದು ಹಟ ಹಿಡಿಯುವವರಿಗೆ ಇನ್ನೊಂದು ಮಾತು. ಇಲ್ಲಿನ ತೀರ ಆಳವಿಲ್ಲದ್ದು. ಇಳಿತದ ಹೊತ್ತಿನಲ್ಲಿ ನೀರು ದೂರ ಸರಿದು, ಎದುರಿಗೆ ಕೆಸರಿನ ಬಯಲು ಉಳಿಯುತ್ತದೆ. ಪಕ್ಕದ ಟ್ಯಾಂಕರ್ಟನ್ ಬಳಿ ಕಡಲೊಳಗೆ ಚಾಚಿರುವ ಕಲ್ಲುದಿಬ್ಬವೊಂದು ಆಗ ಮೇಲೇಳುತ್ತದೆ. ಊರಿನವರು ಅದನ್ನು ‘ದಿ ಸ್ಟ್ರೀಟ್’ ಎನ್ನುತ್ತಾರೆ, ಅದರ ಮೇಲೆ ನಡೆದು ಹೋಗಲೂಬಹುದು. ಕಿಟಕಿಯ ಮೇಜಿಗೆ ತಿಂಗಳ ಮುಂಚೆ ಬರೆದು, ಮುಂಗಡ ಕಟ್ಟಿ, ಬಂದು ಕೂತು ಕೆಸರು ನೋಡುವುದಾದರೆ ಏನು ಬಂತು? ಉಬ್ಬರ ಇಳಿತದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಮೇಜು ಕಾಯ್ದಿರಿಸುವ ಮುನ್ನ ನೋಡಿ.

ಬಂದರಿನ ಹಿಂದಿನ ಬೀದಿಗಳಲ್ಲಿ, ಹೈ ಸ್ಟ್ರೀಟಿನ ಅಕ್ಕಪಕ್ಕದಲ್ಲಿ ಇರುವ ಪಬ್ಬುಗಳೇ ನನ್ನ ಮಟ್ಟಿಗೆ ಮೊದಲ ಆಯ್ಕೆ. ಇವುಗಳಲ್ಲಿ ಕಡಲು ಕಾಣದು, ಅದಕ್ಕೇ ಅಡುಗೆಯ ಬಲದ ಮೇಲೆ ಬದುಕಬೇಕು. ಹೆಸರು ಹೇಳಿ ಶಿಫಾರಸು ಮಾಡುವುದಿಲ್ಲ. ಈ ಉದ್ಯೋಗದಲ್ಲಿ ಅಡುಗೆಯವರು ಮನೆ ಬದಲಿಸಿದಂತೆ ಪಬ್ಬು ಬದಲಿಸುತ್ತಾರೆ. ಹೋದ ವರ್ಷದ ಹೊಗಳಿಕೆ ಈ ವರ್ಷ ಸುಳ್ಳಾಗುತ್ತದೆ. ಬದಲಿಗೆ ಅವರ ಭಾನುವಾರದ ಮೆನುವನ್ನು ಓದುವುದು ಕಲಿಯಿರಿ. ರೋಸ್ಟ್ ಎರಡೋ ಮೂರೋ ಬಗೆ ಇದ್ದರೆ ಒಳ್ಳೆಯದು. ಆರು ಬಗೆ ಇದ್ದರೆ ಅಷ್ಟನ್ನೂ ಬಿಸಿ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿದ್ದಾರೆ ಎಂದೇ ಅರ್ಥ. ಮಾಂಸದ ಯಾವ ಭಾಗ ಎಂದು ಬರೆದಿದ್ದಾರೆಯೇ, ಬರಿದೇ ಬೀಫ್ ಎಂದಿದೆಯೇ? ಸರ್ಲಾಯ್ನ್, ರಿಬ್, ಟಾಪ್‌ಸೈಡ್ ಎಂದು ಬಿಡಿಸಿ ಬರೆದವರಿಗೆ ತಾವೇನು ಕೊಂಡಿದ್ದೇವೆ ಎಂಬುದು ಗೊತ್ತಿರುತ್ತದೆ. ‘ತೀರುವವರೆಗೆ ಮಾತ್ರ’ ಎಂಬ ಸೂಚನೆ ಕಂಡರೆ ಖುಷಿಪಡಿ. ಸಂಜೆ ಆರಕ್ಕೂ ಎಲ್ಲವೂ ಸಿಗುತ್ತದೆ ಎನ್ನುವ ಕಡೆ ಅನುಮಾನ ಪಡಿ. ಮೂರು ನಾಲ್ಕು ಜನರಿಗೆ ಒಟ್ಟಿಗೆ ಹಲಗೆಯ ಮೇಲೆ ಇಡೀ ತುಂಡು ತಂದಿಡುವ ಪದ್ಧತಿ ಇದ್ದು, ಅದನ್ನು ಎರಡು ದಿನ ಮೊದಲೇ ಹೇಳಿಡಬೇಕು ಎಂದಿದ್ದರೆ ಕಣ್ಣುಮುಚ್ಚಿ ಹೇಳಿಡಿ. ಆ ತುಂಡು ಬೇಯುವುದು ನಿಮಗಾಗಿಯೇ.

ಮೂರನೆಯದು ಊರಿನಾಚೆ. ಪಶ್ಚಿಮಕ್ಕೆ ಕಡಲ ಒಡ್ಡಿನ ಪಕ್ಕದಲ್ಲೇ ಕೆಲವು ಮೈಲಿ ಹೋದರೆ ಸೀಸಾಲ್ಟರ್ ಎಂಬಲ್ಲಿ, ಜೌಗು ಹುಲ್ಲುಗಾವಲಿನ ಅಂಚಿನಲ್ಲಿ ‘ದಿ ಸ್ಪೋರ್ಟ್ಸ್‌ಮನ್’ ಇದೆ. ಹೊರಗಿನಿಂದ ನೋಡಿದರೆ ಏನೂ ವಿಶೇಷವಿಲ್ಲದ ಪಬ್ಬು. ಸ್ಟೀಫನ್ ಹ್ಯಾರಿಸ್ 1999ರಲ್ಲಿ ಇದನ್ನು ಕೈಗೆ ತೆಗೆದುಕೊಂಡರು. ಯಾವ ಅಡುಗೆ ಶಾಲೆಗೂ ಹೋಗದೆ ಸ್ವಂತವಾಗಿ ಕಲಿತವರು. ಕಡಲ ನೀರಿನಿಂದ ತಾವೇ ಉಪ್ಪು ತೆಗೆದು, ಬೆಣ್ಣೆಯನ್ನೂ ತಾವೇ ಕಡೆದು, ಸುತ್ತಲಿನ ನೆಲ ಮತ್ತು ನೀರು ಕೊಟ್ಟದ್ದನ್ನೇ ಬಡಿಸಿ ಹೆಸರಾದರು. 2008ರಲ್ಲಿ, ಒಳ್ಳೆಯ ಅಡುಗೆಗೆ ಮಿಶೆಲಿನ್ ಗೈಡ್ ಕೊಡುವ ತಾರೆ ಬಂತು. ಇದನ್ನು ಉಳಿದ ಪಬ್ಬುಗಳ ಪಕ್ಕದಲ್ಲಿಟ್ಟು ಹೋಲಿಸುವುದೇ ಸರಿಯಲ್ಲ. ಇಲ್ಲಿಗೆ ಹೋಗುವವರು ಆ ಅಡುಗೆಗಾಗಿಯೇ ಹೋಗಬೇಕು, ಒಂದು ತಟ್ಟೆ ರೋಸ್ಟ್ ತಿಂದು ಬರುವ ಮನಸ್ಸಿನಿಂದಲ್ಲ. ಬಹಳ ಮುಂಚೆ ಕಾಯ್ದಿರಿಸಬೇಕು, ಖರ್ಚೂ ಬೇರೆಯೇ ಮಟ್ಟದ್ದು, ರೈಲಿನಲ್ಲಿ ಬಂದವರು ಟ್ಯಾಕ್ಸಿ ಹಿಡಿಯಬೇಕು ಇಲ್ಲವೇ ಒಡ್ಡಿನ ಮೇಲೆ ಗಂಟೆಗೂ ಹೆಚ್ಚು ನಡೆಯಬೇಕು. ಮದುವೆಯ ವಾರ್ಷಿಕೋತ್ಸವಕ್ಕೆ ಸರಿ. ಚಿಕ್ಕ ಮಕ್ಕಳಿದ್ದರೆ, ಅಥವಾ ‘ಇದಕ್ಕೆ ಇಷ್ಟೊಂದು ದುಡ್ಡೇ’ ಎಂದು ಪ್ರತಿ ತುತ್ತಿಗೂ ರೂಪಾಯಿಗೆ ಗುಣಿಸುವ ಅಪ್ಪ ಜೊತೆಗಿದ್ದರೆ, ಇನ್ನೊಮ್ಮೆ ನೋಡೋಣ.

ಕಾರ್ವರಿ ಎಂಬ ಪದ್ಧತಿಯೂ ಇಂಗ್ಲೆಂಡಿನಲ್ಲಿದೆ. ಸಾಮಾನ್ಯವಾಗಿ ಊರ ಹೊರಗಿನ ಹೆದ್ದಾರಿ ಬದಿಯಲ್ಲಿ, ಕಾರು ನಿಲ್ಲಿಸಲು ಧಾರಾಳ ಜಾಗವಿರುವ ಕಡೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಮಾಂಸ ಕೊಯ್ದು ಹಾಕುತ್ತಾರೆ, ತರಕಾರಿಯನ್ನು ನೀವೇ ಬೇಕಾದಷ್ಟು ಬಡಿಸಿಕೊಳ್ಳಬಹುದು. ಗ್ಯಾಸ್ಟ್ರೋಪಬ್ಬಿನ ಸುಮಾರು ಅರ್ಧ ಬೆಲೆ. ದೊಡ್ಡ ಸಂಸಾರಕ್ಕೆ, ಹೊಟ್ಟೆ ತುಂಬುವುದೇ ಮುಖ್ಯವಾದವರಿಗೆ ಇದರಲ್ಲಿ ನಾಚಿಕೆಯೇನಿಲ್ಲ. ಆದರೆ ಆ ತರಕಾರಿ ಎಷ್ಟು ಹೊತ್ತಿನಿಂದ ದೀಪದ ಕೆಳಗಿದೆ ಎಂಬುದನ್ನು ಕೇಳಲು ಹೋಗಬೇಡಿ. ಕಡಲೂರಿಗೆ ಬಂದು ಇದನ್ನು ಹುಡುಕಿಕೊಂಡು ಹೋಗುವುದೂ ಬೇಡ.

ಕೊನೆಯ ಆಯ್ಕೆ, ರೋಸ್ಟನ್ನೇ ಬಿಟ್ಟುಬಿಡುವುದು. ಮೇಜು ಸಿಗದ ದಿನ ಇದು ಸೋಲಲ್ಲ. ಬಂದರಿನ ಬಳಿ ಆಯ್ಸ್ಟರ್ ಸಿಗುತ್ತದೆ, ಮೀನು ಮತ್ತು ಚಿಪ್ಸ್ ಅಂತೂ ಇದ್ದೇ ಇದೆ. ಸ್ಥಳೀಯ ತಳಿಯ ಆಯ್ಸ್ಟರ್ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ. ರಾಕ್ ಆಯ್ಸ್ಟರ್ ವರ್ಷವಿಡೀ. ಮರುವಾಯಿ ತಿಂದು ಬೆಳೆದ ನಮ್ಮ ಕರಾವಳಿಯವರಿಗೆ ಚಿಪ್ಪಿನ ಭಯವಿರದು, ಆದರೆ ಇಲ್ಲಿ ಹಸಿಯಾಗಿಯೇ ನುಂಗುತ್ತಾರೆ, ಮೇಲೆ ನಿಂಬೆರಸ ಮಾತ್ರ. ಗರ್ಭಿಣಿಯರು ಮತ್ತು ವಯಸ್ಸಾದವರು ಹಸಿಯದನ್ನು ತಿನ್ನದಿರುವುದು ಕ್ಷೇಮ. ಹುರಿದೋ ಬೇಯಿಸಿಯೋ ಕೊಡುವ ಕಡೆ ಕೇಳಿ ತಿನ್ನಿ.

ಯಾವ ಮಾಂಸ?

ಗೋಮಾಂಸ ತಿನ್ನುವವರಿಗೆ ಅದೇ ಈ ಊಟದ ರಾಜ. ಹಾರ್ಸ್‌ರ್ಯಾಡಿಶ್ ಎಂಬ ಬೇರಿನ ಸಾಸ್ ಜೊತೆಗೆ ಬರುತ್ತದೆ. ಸಾಸಿವೆಯಂತೆ ಮೂಗಿಗೇರುತ್ತದೆ, ಚಮಚದ ತುದಿಯಷ್ಟು ಸಾಕು. ಒಳ್ಳೆಯ ಪಬ್ಬುಗಳು ನಡುವೆ ಗುಲಾಬಿ ಬಣ್ಣ ಉಳಿಯುವಂತೆ ಬೇಯಿಸುತ್ತವೆ. ನಮ್ಮಲ್ಲಿ ಬಹಳ ಜನಕ್ಕೆ ಅದನ್ನು ನೋಡಿದರೆ ಹಿಂಜರಿಕೆ. ತುಂಡಿನ ಕೊನೆಯ ಹೋಳು ಕೊಡಿ ಎಂದು ಆರ್ಡರ್ ಮಾಡುವಾಗಲೇ ಹೇಳಿದರೆ ಪೂರ್ತಿ ಬೆಂದದ್ದು, ಹೊರಗೆ ಉಪ್ಪು ಮೆಣಸು ಹತ್ತಿದ್ದು ಸಿಗುತ್ತದೆ. ಅದೇ ರುಚಿ ಹೆಚ್ಚು ಎನ್ನುವವರಲ್ಲಿ ನಾನೂ ಒಬ್ಬ.

ಕೆಂಟಿನಲ್ಲಿ ಕೂತಿರುವಾಗ ಗೋಮಾಂಸಕ್ಕಿಂತ ಕುರಿಮರಿಯ ಮಾಂಸವನ್ನೇ ನೋಡಬೇಕು. ಸೀಸಾಲ್ಟರ್ ಕಡೆಯ ಜೌಗು, ದಕ್ಷಿಣದ ರಾಮ್ನಿ ಮಾರ್ಶ್, ಎರಡೂ ಕುರಿ ಮೇಯುವ ನೆಲ. ಬೇಸಿಗೆಯ ನಡುವಿನಿಂದ ಶರತ್ಕಾಲದವರೆಗೆ ಉಪ್ಪುಜೌಗಿನಲ್ಲಿ ಮೇಯ್ದ ಮರಿ ಎಂದು ಮೆನುವಿನಲ್ಲಿ ಕಂಡರೆ ಬೇರೆ ಯೋಚನೆ ಬೇಡ. ಜೊತೆಗೆ ಬರುವ ಪುದೀನ ಸಾಸನ್ನು ನಮ್ಮ ಪುದೀನ ಚಟ್ನಿ ಎಂದುಕೊಂಡು ಬಡಿಸಿಕೊಂಡರೆ ನಿರಾಶೆ ಖಂಡಿತ. ವಿನೆಗರ್ ಮತ್ತು ಸಕ್ಕರೆಯಲ್ಲಿ ನೆನೆಸಿದ ಎಲೆ ಅದು. ಮಾಂಸದ ಕೊಬ್ಬಿಗೆ ಆ ಹುಳಿ ಬೇಕಾಗುತ್ತದೆ, ಬರಿದೇ ತಿನ್ನಲು ಅಲ್ಲ. ಹಂದಿಮಾಂಸ ಆರಿಸಿದರೆ ಸೇಬಿನ ಸಾಸ್. ಕೆಂಟ್ ಸೇಬಿನ ತೋಟಗಳ ನಾಡು, ಆದ್ದರಿಂದ ಇಲ್ಲಿ ಅದು ಡಬ್ಬದ್ದಾಗಿದ್ದರೆ ಆ ಅಡುಗೆಮನೆಗೆ ಕ್ಷಮೆಯಿಲ್ಲ. ಕೋಳಿ ಎಲ್ಲಕ್ಕಿಂತ ಸುರಕ್ಷಿತ, ಎಲ್ಲಕ್ಕಿಂತ ಸಪ್ಪೆ. ತಡವಾಗಿ ಹೋದವರಿಗೆ ಮೊದಲು ಒಣಗಿ ಸಿಗುವುದೂ ಕೋಳಿಯ ಎದೆಯ ಮಾಂಸವೇ. ಕಾಲು ಕೇಳಿ.

ಹಲಾಲ್ ಬೇಕಾದವರಿಗೆ ಇಂಥ ಪಬ್ಬುಗಳಲ್ಲಿ ಮಾಂಸ ಸಿಗುವುದು ಅಪರೂಪ. ಮೀನು ತೆಗೆದುಕೊಳ್ಳಬಹುದು, ಆದರೆ ಕರಿದ ಮೀನಿನ ಹಿಟ್ಟನ್ನು ಎಷ್ಟೋ ಕಡೆ ಬಿಯರ್ ಹಾಕಿಯೇ ಕಲಸುತ್ತಾರೆ. ಮೊದಲೇ ವಿಚಾರಿಸಿ.

ಸಸ್ಯಾಹಾರಿಗಳಿಗೆ: ನೀವು ತಿಳಿದುಕೊಂಡಷ್ಟು ಸುಲಭವಲ್ಲ, ಹೆದರಿದಷ್ಟು ಕಷ್ಟವೂ ಅಲ್ಲ

ಊರಿನಿಂದ ಬಂದ ತಂದೆತಾಯಿ ಜೊತೆಗಿದ್ದಾಗ ಗಂಟು ಬೀಳುವುದು ಇಲ್ಲಿ. ಮೆನುವಿನಲ್ಲಿ ಸಸ್ಯಾಹಾರದ ರೋಸ್ಟ್ ಒಂದು ಇದ್ದೇ ಇರುತ್ತದೆ: ಬೀಜಗಳನ್ನೂ ತರಕಾರಿಯನ್ನೂ ಅರೆದು ಅಚ್ಚಿನಲ್ಲಿ ಬೇಯಿಸಿದ ನಟ್ ರೋಸ್ಟ್, ಅಥವಾ ಅಣಬೆ, ಕುಂಬಳಕಾಯಿ ತುಂಬಿದ ಪೇಸ್ಟ್ರಿ. ಅದು ಶುದ್ಧವೇ ಇರಬಹುದು. ತೊಂದರೆಯಿರುವುದು ಅದರ ಪಕ್ಕದಲ್ಲಿ. ಆಲೂಗಡ್ಡೆಯನ್ನು ಎಷ್ಟೋ ಕಡೆ ಹುರಿಯುವುದು ಬಾತಿನ ಕೊಬ್ಬಿನಲ್ಲೋ ದನದ ಕೊಬ್ಬಿನಲ್ಲೋ. ಯಾರ್ಕ್‌ಷೈರ್ ಪುಡ್ಡಿಂಗಿನದೂ ಅದೇ ಕಥೆ, ಮೇಲೆ ಅದರಲ್ಲಿ ಮೊಟ್ಟೆಯೂ ಇದೆ. ಗ್ರೇವಿಯ ವಿಷಯದಲ್ಲಿ ಒಂದು ತಮಾಷೆ ನೋಡಿ. ಅಡುಗೆಯವನು ಆಲಸಿಯಾಗಿದ್ದು ಡಬ್ಬದ ಪುಡಿಗೆ ನೀರು ಬೆರೆಸಿದರೆ ಅದು ಸಸ್ಯಾಹಾರಿಯಾಗಿರುವ ಸಾಧ್ಯತೆ ಉಂಟು. ಕಸುಬು ಬಲ್ಲವನಾಗಿದ್ದರೆ ಮೂಳೆ ಬೇಯಿಸಿಯೇ ಗ್ರೇವಿ ತೆಗೆದಿರುತ್ತಾನೆ. ಪಬ್ಬು ಒಳ್ಳೆಯದಾದಷ್ಟೂ ನೀವು ಹೆಚ್ಚು ಪ್ರಶ್ನೆ ಕೇಳಬೇಕು.

ಆದ್ದರಿಂದ ‘ಇದು ವೆಜಿಟೇರಿಯನ್ನೇ’ ಎಂಬ ಒಂದೇ ಪ್ರಶ್ನೆ ಸಾಲದು. ಆಲೂಗಡ್ಡೆಯನ್ನು ಯಾವುದರಲ್ಲಿ ಹುರಿದಿದ್ದೀರಿ, ಸಸ್ಯಾಹಾರದ ಗ್ರೇವಿ ಬೇರೆ ಇದೆಯೇ, ಪುಡ್ಡಿಂಗ್ ಬೇರೆ ತಟ್ಟೆಯಲ್ಲಿ ಬೆಂದಿದೆಯೇ ಎಂದು ಬಿಡಿಬಿಡಿಯಾಗಿ ಕೇಳಿ. ಹೂಕೋಸನ್ನು ಚೀಸ್ ಸಾಸಿನಲ್ಲಿ ಬೇಯಿಸಿದ ಬಟ್ಟಲೊಂದು ಎಲ್ಲ ಕಡೆಯೂ ಸಿಗುತ್ತದೆ, ನಮ್ಮವರಿಗೆ ತಕ್ಷಣ ಹಿಡಿಸುವುದೂ ಅದೇ. ಅದಕ್ಕೆ ಹಾಕುವ ಚೆಡಾರ್ ಚೀಸಿಗೆ ಸಸ್ಯಮೂಲದ ಹೆಪ್ಪು ಹಾಕಿರುವುದುಂಟು, ಕರುವಿನ ಜಠರದ ಹೆಪ್ಪು ಹಾಕಿರುವುದೂ ಉಂಟು. ನಿಜವಾದ ಪಾರ್ಮೆಸಾನ್ ಆದರೆ ಯಾವಾಗಲೂ ಎರಡನೆಯದೇ. ರುಚಿಗೆಂದು ಬೆರೆಸುವ ವೋಸ್ಟರ್ ಎಂಬ ಹುಳಿ ಸಾಸಿನಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ. ಪೀಪಾಯಿಯಿಂದ ಸುರಿಯುವ ಹಳೆ ಬಗೆಯ ಬಿಯರನ್ನು ತಿಳಿ ಮಾಡಲು ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಬಳಸುತ್ತಾರೆ. ಗಿನ್ನೆಸ್‌ನಂಥ ಕಂಪನಿ ಅದನ್ನು ಕೈಬಿಟ್ಟದ್ದೂ ಕಳೆದ ದಶಕದಲ್ಲಷ್ಟೇ. ಎಷ್ಟರವರೆಗೆ ವಿಚಾರಿಸುವುದು ಎಂಬುದು ಅವರವರ ಮಡಿಗೆ ಬಿಟ್ಟದ್ದು. ಅತ್ತೆಯವರ ಮುಂದೆ ಈ ಪ್ಯಾರಾ ಜೋರಾಗಿ ಓದಬೇಡಿ ಎಂದಷ್ಟೇ ಹೇಳಬಲ್ಲೆ.

ಇವನ್ನೆಲ್ಲ ಜನಜಂಗುಳಿಯ ನಡುವೆ ಬಡಿಸುವ ಹುಡುಗಿಯನ್ನು ಕೇಳುವುದಕ್ಕಿಂತ, ಮೇಜು ಕಾಯ್ದಿರಿಸುವಾಗಲೇ ಬರೆದು ತಿಳಿಸುವುದು ಲೇಸು. ಬ್ರಿಟನ್ನಿನಲ್ಲಿ 14 ಬಗೆಯ ಅಲರ್ಜಿ ಪದಾರ್ಥಗಳ ವಿವರವನ್ನು ಹೋಟೆಲಿನವರು ಕೊಡಲೇಬೇಕು. ಹಾಲು, ಮೊಟ್ಟೆ, ಮೀನು, ಸಾಸಿವೆ, ಎಳ್ಳು ಆ ಪಟ್ಟಿಯಲ್ಲಿವೆ. ಆದರೆ ದನದ ಕೊಬ್ಬು ಅಲರ್ಜಿ ಪದಾರ್ಥವಲ್ಲ. ಪಟ್ಟಿ ನೋಡಿ ಸಮಾಧಾನಪಟ್ಟುಕೊಳ್ಳುವಂತಿಲ್ಲ, ಬಾಯಿಬಿಟ್ಟು ಕೇಳಲೇಬೇಕು. ಖಾರವಿಲ್ಲದೆ ಗಂಟಲಿಗೆ ಇಳಿಯದವರು ಇಂಗ್ಲಿಷ್ ಸಾಸಿವೆ ತರಿಸಿಕೊಳ್ಳಿ. ಚೀಲದಿಂದ ಉಪ್ಪಿನಕಾಯಿ ಬಾಟಲಿ ಹೊರತೆಗೆಯುವುದನ್ನು ನಾನಂತೂ ನೋಡಿಲ್ಲ ಎಂದಿಟ್ಟುಕೊಳ್ಳಿ.

ದುಡ್ಡು, ಮಕ್ಕಳು, ಮರಳುವ ರೈಲು

ಒಂದು ತಟ್ಟೆ ರೋಸ್ಟ್‌ಗೆ ಗ್ಯಾಸ್ಟ್ರೋಪಬ್ಬಿನಲ್ಲಿ ಸುಮಾರು 18ರಿಂದ 28 ಪೌಂಡ್ ಇಟ್ಟುಕೊಳ್ಳಿ. ಮಕ್ಕಳಿಗೆ ಅರ್ಧ ತಟ್ಟೆ ಸಿಗುತ್ತದೆ. ಹೂಕೋಸಿನ ಬಟ್ಟಲು, ಹೆಚ್ಚುವರಿ ಆಲೂಗಡ್ಡೆಗೆ ಬೇರೆ ಲೆಕ್ಕ. ಬೆಲೆ ಹೋಲಿಸುವಾಗ ಇದನ್ನು ಮರೆತರೆ ಅಗ್ಗವೆನಿಸಿದ್ದೇ ದುಬಾರಿಯಾಗುತ್ತದೆ. ಬಿಲ್ಲಿನ ಕೊನೆಯಲ್ಲಿ ಶೇಕಡ 10 ಅಥವಾ 12.5 ಸೇವಾ ಶುಲ್ಕ ಸೇರಿಸಿರಬಹುದು. ಐಚ್ಛಿಕ ಎಂದು ಬರೆದಿದ್ದರೆ ಸೇವೆ ಕೆಟ್ಟದಾಗಿದ್ದಾಗ ತೆಗೆಸಬಹುದು. ಆ ಹಣ ಪೂರ್ತಿ ಕೆಲಸಗಾರರಿಗೇ ಸೇರಬೇಕು ಎಂಬ ಕಾನೂನು 2024ರ ಅಕ್ಟೋಬರಿನಿಂದ ಜಾರಿಯಲ್ಲಿದೆ, ಹಾಗಾಗಿ ನಾನು ತೆಗೆಸಲು ಹೋಗುವುದಿಲ್ಲ. ಹಳೆಯ ಬಗೆಯ ಪಬ್ಬುಗಳಲ್ಲಿ ಮೇಜಿನ ಸಂಖ್ಯೆ ನೋಡಿಕೊಂಡು ನೀವೇ ಕೌಂಟರಿಗೆ ಹೋಗಿ ಹೇಳಿ ಮೊದಲೇ ದುಡ್ಡು ಕೊಡಬೇಕು. ಗೊತ್ತಿಲ್ಲದೆ ಕೂತಲ್ಲೇ ಕೂತರೆ ಯಾರೂ ಬರುವುದಿಲ್ಲ.

ಪಬ್ಬು ಎಂದರೆ ಕುಡುಕರ ಅಡ್ಡೆ ಎಂದು ಅಮ್ಮ ಹಿಂಜರಿದರೆ ಒಳಗೆ ಒಮ್ಮೆ ಇಣುಕಿ ತೋರಿಸಿ. ಭಾನುವಾರ ಮಧ್ಯಾಹ್ನ ಅಲ್ಲಿರುವುದು ಅಜ್ಜಿಯರು, ಕೈಗೂಸುಗಳು, ಮೇಜಿನ ಕೆಳಗೆ ಮಲಗಿದ ನಾಯಿಗಳು. ನಾಯಿ ಕಂಡರೆ ಆಗದವರು ಕಾಯ್ದಿರಿಸುವಾಗ ಊಟದ ಕೋಣೆಯನ್ನೇ ಕೇಳಬೇಕು. ಬಾರಿನ ಪಕ್ಕದ ಮೇಜುಗಳಲ್ಲಿ ನಾಯಿಯ ಸಹವಾಸ ತಪ್ಪದು.

ಕೊನೆಗೆ ಸಿಹಿ. ಖರ್ಜೂರ ಹಾಕಿದ ಸ್ಟಿಕಿ ಟಾಫಿ ಪುಡ್ಡಿಂಗ್ ನಮ್ಮವರ ನಾಲಿಗೆಗೆ ಒಗ್ಗುತ್ತದೆ, ಮೊಟ್ಟೆ ಇರುತ್ತದೆ ಎಂಬುದು ನೆನಪಿರಲಿ. ಹಬೆಯಲ್ಲಿ ಬೇಯಿಸಿದ ಹಳೆ ಪುಡ್ಡಿಂಗುಗಳಲ್ಲಿ ದನದ ಕೊಬ್ಬು ಇರಬಹುದು. ಸೇಬಿನ ಕ್ರಂಬಲ್ ಸಾಮಾನ್ಯವಾಗಿ ಬೆಣ್ಣೆ, ಹಿಟ್ಟು, ಸಕ್ಕರೆಯದು. ಮೇಲೆ ಸುರಿಯುವ ಕಸ್ಟರ್ಡನ್ನು ಮಾತ್ರ ವಿಚಾರಿಸಿಕೊಳ್ಳಿ. ಇಬ್ಬರಿಗೆ ಒಂದು ಸಾಕು, ಎರಡು ಚಮಚ ಕೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ರೈಲಿನದು ಒಂದು ಎಚ್ಚರಿಕೆ. ಇಂಗ್ಲೆಂಡಿನಲ್ಲಿ ಹಳಿ ದುರಸ್ತಿ ಕೆಲಸವನ್ನು ಬಹುತೇಕ ಭಾನುವಾರವೇ ಇಟ್ಟುಕೊಳ್ಳುತ್ತಾರೆ. ಆಗ ನಡುವೆ ಇಳಿಸಿ ಬಸ್ಸಿಗೆ ಹತ್ತಿಸುತ್ತಾರೆ. ಹನ್ನೆರಡೂವರೆಯ ಮೇಜು ಹಿಡಿದಿದ್ದರೆ ಒಂದು ರೈಲು ಮುಂಚೆ ಹೊರಡಿ, ಏಕೆಂದರೆ ಕಾಲು ಗಂಟೆ ತಡವಾದರೆ ಮೇಜನ್ನು ಬೇರೆಯವರಿಗೆ ಕೊಡುವ ಪಬ್ಬುಗಳಿವೆ, ಕಟ್ಟಿದ ಮುಂಗಡವೂ ಹೋಗುತ್ತದೆ. ಬೇಗ ತಲುಪಿಬಿಟ್ಟರೆ ಬೇಸರವಿಲ್ಲ. ನಿಲ್ದಾಣದಿಂದ ಕಾಲು ಗಂಟೆ ನಡೆದರೆ ಬಂದರು, ಅಲ್ಲಿಂದ ತೀರದುದ್ದಕ್ಕೂ ಓಲ್ಡ್ ನೆಪ್ಚೂನ್‌ವರೆಗೆ ದಾರಿ ಇದೆ. ಕಡಲನ್ನು ಆಗಲೇ ನೋಡಿಕೊಂಡುಬಿಡಿ.